ನಾಲ್ಕು ಅಡಿ

ಚಿಕ್ಕತಾಯಮ್ಮನ ಕಣ್ಣಿಗೆ ಮಂಜೂರಾಗಿದ್ದ ದೂರ ನಾಲ್ಕು ಅಡಿ. ಗಾರ್ಮೆಂಟ್ಸಿಗೆ ಸೇರುವಾಗ ಎಲ್ಲರ ಕಣ್ಣಿಗೂ ಮಾಡುವ ಲೇಸರ್‌ನಲ್ಲಿ ಟೈಲರುಗಳಿಗೆ ಅಷ್ಟೇ ದೂರದ ದೃಷ್ಟಿ ಕೊಡುತ್ತಿದ್ದರು. ಸೂಜಿ, ಬಟ್ಟೆ, ಪಕ್ಕದ ಮಿಷನ್ನು ಕಾಣುತ್ತಿತ್ತು. ಗೋಡೆಯ ಗಡಿಯಾರ ಕಾಣುತ್ತಿರಲಿಲ್ಲ. ಸೂಪರ್‌ವೈಸರಿಗೆ ಮೂವತ್ತು ಅಡಿ, ಡ್ರೈವರಿಗೆ ಪೂರ್ತಿ. ಕನ್ನಡಕ ಮಾರುವುದು ನಿಂತು ಹದಿನೈದು ವರ್ಷವಾಗಿತ್ತು.

ಎರಡನೇ ಲೇಸರ್ ಕೇಳಿಕೊಂಡು ಅವಳು ಫ್ಯಾಕ್ಟರಿಯ ಡಾಕ್ಟರ ಹತ್ತಿರ ಬಂದದ್ದು ಇದು ಮೂರನೇ ಸಲ.

"ಉಳಿದಿರೋ ದೋಷ ತೆಗೆಯೋಕೆ ಕಾರಣ ಬೇಕಮ್ಮ," ಮೇಜಿನ ಆಚೆ ಬಿಳಿ ಮಸುಕಾಗಿ ಕೂತಿದ್ದ ಡಾಕ್ಟರು ಹೇಳಿದರು. "ಹೊಲಿಗೆಗೆ ತೊಂದರೆ ಆಗ್ತಿದೆಯಾ?"

"ಹೊಲ್ಗೆಗೇನೂ ಇಲ್ಲ. ನಾವು ಕೈ ಕೈ ಹಿಡ್ಕಂಡು, ಸದ್ದು ಕೇಳ್ಕಂಡು ರಸ್ತೆ ದಾಟೋರು. ಹೋದ ಸೋಮವಾರ ಬಂದಿದ್ದು ಬ್ಯಾಟ್ರಿ ಲಾರಿ, ಸದ್ದೇ ಇರ್ಲಿಲ್ಲ. ಪಕ್ಕದ ಮಿಷನ್ನಿನ ದೇವೀರಮ್ಮ ಗೇಟಿನ ಮುಂದೇನೇ ಸತ್ಲು. 'ಬಾರೇ, ರಸ್ತೆ ಖಾಲಿ ಅದೆ' ಅಂತ ಎಳ್ಕಂಡು ಹೋದೋಳು ನಾನೇ."

"ಪಾಪ. ಆದರೆ ರಸ್ತೆ ನಿಮ್ಮ ಕೆಲಸದ ದೂರದೊಳಗೆ ಬರೋದಿಲ್ಲ." ಡಾಕ್ಟರು ಫೈಲಿನಲ್ಲಿ ಏನೋ ಬರೆದರು.

ಚಿಕ್ಕತಾಯಮ್ಮ ಎದ್ದಳು. ಸ್ಟೂಲನ್ನು ದರದರ ಎಳೆದುಕೊಂಡು ಮೇಜು ಸುತ್ತಿ ಬಂದು, ಡಾಕ್ಟರ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಈಗ ಅವರ ಮೂಗುತಿಯ ಹರಳು, ಮೇಲ್ತುಟಿಯ ಬೆವರು ಎಲ್ಲವೂ ಸ್ಪಷ್ಟವಾಗಿ ಕಂಡವು.

"ಈಗ ನೀವು ನಾಲ್ಕಡಿ ಒಳ್ಗೇ ಇದ್ದೀರ ಮೇಡಮ್ಮೋರೆ. ರೆಪ್ಪೆ ಕೂದ್ಲೂ ಎಣಿಸ್ತೀನಿ. ನನ್ನ ಮುಖ ನೋಡ್ಕಂಡು ಅದ್ನೇ ಇನ್ನೊಂದ್ಸಲ ಹೇಳಿ."

ಡಾಕ್ಟರು ಮುಖ ತಿರುಗಿಸಿ, ಅವಳಿಗೆ ಕಾಣದ ಗೋಡೆ ಗಡಿಯಾರವನ್ನು ನೋಡತೊಡಗಿದರು.