ಗಿಳಿಗೆ ಹದಿನೈದು ದಿನ ರಜೆ

ಪುಕ್ಕ ಉದುರಿದ ಗಿಳಿಯನ್ನು ಪಂಜರ ಸಮೇತ ಹೊತ್ತು ತಂದ ಗಿಳಿಶಾಸ್ತ್ರದ ಹುಲಗಪ್ಪನಿಗೆ ಪಶುವೈದ್ಯರು ಚೆನ್ನಾಗಿ ಉಗಿದರು.

“ಬರೇ ಶೇಂಗಾ ತಿನಿಸಿದ್ರ ಇನ್ನೇನಾಗ್ತದ? ಪ್ಯಾರಲ ಹಣ್ಣು, ನೆನೆಸಿದ ಕಡ್ಲಿ ಕೊಡು. ದಿನಾ ನೀರು ಬದಲಿಸು. ಹದಿನೈದು ದಿನ ಇದರ ಕಡಿಂದ ಭವಿಷ್ಯದ ಕಾರ್ಡ್ ಒಂದೂ ಎತ್ತಿಸಬ್ಯಾಡ.”

“ಹೊಟ್ಟಿಪಾಡು, ಸಾಹೇಬ್ರ...”

“ಏನ್ ಹೊಟ್ಟಿಪಾಡೋ! ಹಕ್ಕಿ ತೋರಿಸಿ ಮಂದಿಗೆ ಟೋಪಿ ಹಾಕ್ತೀಯಲ್ಲ, ನಾಚಿಕಿ ಬರೂದಿಲ್ಲ? ಎಲ್ಲಾ ಬೊಗಳೆ!”

ಹುಲಗಪ್ಪನಿಗೆ ಆ ಬೈಗುಳಕ್ಕಿಂತ ಗಿಳಿಯ ಬೋಳು ಕುತ್ತಿಗೆಯೇ ಹೆಚ್ಚು ಚುಚ್ಚಿತು. ಆಗಲಿ ಎಂದು ತಲೆಯಾಡಿಸಿ, ಪಂಜರಕ್ಕೆ ಬಟ್ಟೆ ಹೊದಿಸಿ ಬಾಗಿಲತ್ತ ತಿರುಗಿದ. ವೈದ್ಯರು ಅವನಿಗಿಂತ ಮೊದಲೇ ಹೋಗಿ ಚಿಲಕ ಹಾಕಿದರು.

“ರಜಾ ನಾಳಿಂದ ಕೊಡು. ಇವತ್ತೊಂದು ಕಾರ್ಡ್ ಎತ್ತಿಸು, ನನ್ನ ಟ್ರಾನ್ಸ್‌ಫರ್ ಈ ವರ್ಷಾದ್ರೂ ಆಗ್ತದೇನು ನೋಡೂಣು.”