ಗಾಜಿನ ಮೇಲಿನ ಬೊಟ್ಟು

ಭೂಮಿ ಹುಣ್ಣಿಮೆಗೆ ನಾಲ್ಕೇ ದಿನ ಉಳಿದಿತ್ತು. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿತ್ತು. ಹಾಲಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು, ಗದ್ದೆಗೆ ಎಡೆ ಒಯ್ಯಲು ಕೆಮ್ಮಣ್ಣು ಬಳಿದ ಹಬ್ಬದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಗೆರೆ ಎಳೆಯುತ್ತಿದ್ದಳು. ಒಳಗೆ ಕೋಣೆಯಲ್ಲಿ ಸೊಸೆ ಜ್ಯೋತಿಲಕ್ಷ್ಮಿ ಹೊಸ ಪ್ರಿಂಟರಿನ ಎದುರು ಬೆವರುತ್ತಿದ್ದಳು. ಅದರಲ್ಲಿ ತೆಗೆದ ಪ್ರತಿ ಕಾಪಿಯ ನಡುವೆಯೂ ಒಂದು ಕೆಂಪು ಚುಕ್ಕೆ ಬರುತ್ತಿತ್ತು.

ನಾಲ್ಕು ಗಂಟೆಗೆ ಸೊಸೈಟಿ ಕಾರ್ಯದರ್ಶಿ ಪೂರ್ಣೇಶ್ ಬರುವವನಿದ್ದ. ನಾನೂರು ಸದಸ್ಯರ ಕಾಗದಪತ್ರ ಸ್ಕ್ಯಾನ್ ಮಾಡಿ, ಒಂದೊಂದು ಕಾಪಿ ತೆಗೆದುಕೊಡುವ ಕೆಲಸ ಯಾರಿಗೆ ಕೊಡಬೇಕೆಂಬುದು ಅವನ ಕೈಯಲ್ಲಿತ್ತು. ಆಧಾರ್ ಕಾರ್ಡಿನದೊಂದು ಮಾದರಿ ನೋಡಿ, ಚೊಕ್ಕವಾಗಿದ್ದರೆ ಜ್ಯೋತಿಗೆ ಕೊಡುತ್ತೇನೆ, ಇಲ್ಲವಾದರೆ ಹೊಸನಗರದ ಝೆರಾಕ್ಸ್ ಅಂಗಡಿಯವರು ಕಾಯುತ್ತಿದ್ದಾರೆ ಎಂದಿದ್ದ. ಅದನ್ನೇ ನಂಬಿ ಅವಳು ಭತ್ತದ ಚೀಲ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ, ಸುಣ್ಣ ಬಳಿದು, ಆಫೀಸು ಮಾಡಿಕೊಂಡಿದ್ದಳು.

ನಿನ್ನೆ ಅತ್ತೆಯನ್ನು ಕರೆದುಕೊಂಡು ಸಾಗರಕ್ಕೆ ಹೋದಾಗ ಅಂಗಡಿಯ ದುರ್ಗೇಶ್ ಎರಡು ಮಿಷನ್ ತೋರಿಸಿದ್ದ. ಒಂದು ಬರೀ ಕಪ್ಪು-ಬಿಳುಪು, ಓಡುವುದು ಜೋರು. ಇನ್ನೊಂದು ನಾಲ್ಕು ಬಣ್ಣದ ಶಾಯಿ ತುಂಬುವಂಥದ್ದು, ಸ್ವಲ್ಪ ನಿಧಾನ. ಜ್ಯೋತಿಯ ಕೈ ಮೊದಲನೆಯದರ ಮೇಲೆ ಇರುವಾಗಲೇ ಹಾಲಮ್ಮ ಬಾಯಿ ಹಾಕಿದ್ದಳು. "ಬಣ್ಣ ಬರೋದೇ ತಗೋ ಮಾರಾಯ್ತಿ. ಈ ಕಪ್ಪು-ಬಿಳುಪಲ್ಲಿ ಬದುಕಿದ್ದೋರೂ ಸತ್ತೋರ ಹಂಗೆ ಕಾಣ್ತಾರೆ." ದುರ್ಗೇಶ್ ನಕ್ಕುಬಿಟ್ಟಿದ್ದ. ಬಣ್ಣದ್ದೇ ಮನೆಗೆ ಬಂತು.

ಈಗ ಆ ಬಣ್ಣವೇ ಕಾಟ ಕೊಡುತ್ತಿತ್ತು. ರೇಷನ್ ಕಾರ್ಡ್ ಇಟ್ಟು ನೋಡಿದಳು, ಮಗನ ಅಂಕಪಟ್ಟಿ ಇಟ್ಟು ನೋಡಿದಳು. ಚುಕ್ಕೆ ಇದ್ದಲ್ಲೇ ಇತ್ತು. ಮಿಷನ್ನಿಗೆ ತನ್ನನ್ನು ತಾನೇ ತೊಳೆದುಕೊಳ್ಳುವ ಆಜ್ಞೆ ಎರಡು ಸಲ ಕೊಟ್ಟಳು. ಶಾಯಿ ಇಳಿಯಿತೇ ಹೊರತು ಚುಕ್ಕೆ ಹೋಗಲಿಲ್ಲ. ಕೊನೆಗೆ ಅತ್ತೆಯ ಆಧಾರ್ ಕಾರ್ಡನ್ನು ಗಾಜಿನ ನಡುವೆ ಇಟ್ಟು ಗುಂಡಿ ಒತ್ತಿದಳು. ಹೊರಬಂದ ಹಾಳೆಯನ್ನು ನೋಡದೆ ಪಕ್ಕಕ್ಕೆ ತಳ್ಳಿ, ಸಾಗರಕ್ಕೆ ಫೋನ್ ಹಚ್ಚಿದಳು.

"ಮೊಬೈಲಿಂದ ಪ್ರಿಂಟ್ ಕೊಟ್ರೆ ಚುಕ್ಕೆ ಬರತ್ತಾ ಅಕ್ಕಾ?" ದುರ್ಗೇಶ್ ಕೇಳಿದ.

"ಇಲ್ಲಪ್ಪ. ಕಾಪಿ ತೆಗೆದ್ರೆ ಮಾತ್ರ."

"ಹಂಗಾರೆ ಮಿಷನ್ದು ಎಂತ ತಪ್ಪಿಲ್ಲ. ಪೂಜೆ ಮಾಡಿದ್ರಾ?"

"ಮಾಡದೆ ಇರ್ತಾರಾ? ಬೆಳಗ್ಗೇನೇ ಆಯ್ತು. ಮುಚ್ಚಳದ ಮೇಲೊಂದು, ಟ್ರೇ ಮೇಲೊಂದು ಬೊಟ್ಟು ಇಟ್ಟೆ."

"ಮುಚ್ಚಳ ಎತ್ತಿ, ಟಾರ್ಚ್ ಹಾಕಿ ಓರೆಯಾಗಿ ನೋಡಿ. ದಸರಾದಿಂದ ಇದು ಆರನೇ ಫೋನು ನಂಗೆ."

ಗಾಜಿನ ಅಡಿಯೆಲ್ಲ ಕಪ್ಪು. ಆ ಕಪ್ಪಿನ ಮೇಲೆ, ಟಾರ್ಚ್ ಹಾಕದಿದ್ದರೆ ಕಾಣದಂತೆ, ಹೆಸರುಕಾಳಿನಷ್ಟು ಕುಂಕುಮ ಒಣಗಿ ಕೂತಿತ್ತು. ಜ್ಯೋತಿ ಮುಚ್ಚಳ ಎತ್ತಿ ಒಳಗೆ ಬೊಟ್ಟು ಇಟ್ಟಿರಲಿಲ್ಲ. ಗಂಡ ರಾಜು ಬೆಳಗಾಗುವ ಮುಂಚೆ ತೋಟದ ಕೆಲಸಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಅವಳು ಜಗಲಿಯತ್ತ ನೋಡಿದಳು.

ಮಾವ ಬೆಳ್ಳಪ್ಪ ತೀರಿಕೊಂಡು ಹದಿನಾಲ್ಕು ವರ್ಷ. ಅಂದಿನಿಂದ ಮನೆಯಲ್ಲಿ ಯಾವ ಪೂಜೆಯಾದರೂ ಹಾಲಮ್ಮ ಬಾಗಿಲಿನಾಚೆ ನಿಂತು ಕೈಮುಗಿಯುವವಳು. ಬಾ ಎಂದರೂ ಒಳಗೆ ಬಂದವಳಲ್ಲ. ಇವತ್ತು ಬೆಳಗ್ಗೆಯೂ ಹಾಗೇ ನಿಂತಿದ್ದಳು.

"ಅತ್ತೆ."

ಹಾಲಮ್ಮ ಬುಟ್ಟಿಯಿಂದ ಕಣ್ಣು ತೆಗೆಯಲಿಲ್ಲ. "ನೀನು ಹಾಲು ಕಾಸೋಕೆ ಹೋಗಿದ್ದಾಗ ಇಟ್ಟೆ. ನಿನ್ ಕೆಲಸ ಚಲೋ ನಡೀಲಿ ಅಂತ. ಒಳಗಿಟ್ರೆ ಯಾರಿಗೂ ಕಾಣಲ್ಲ ಅಂದ್ಕಂಡೆ."

"ಒಳಗಿದ್ದಿದ್ದನ್ನ ಹೊರಗೆ ತೆಗ್ಯೋದೇ ಅಲ್ವಾ ಅತ್ತೆ ಅದ್ರ ಕೆಲಸ" ಎಂದ ಜ್ಯೋತಿಗೆ ನಗು ತಡೆಯಲಾಗಲಿಲ್ಲ. ಹಾಲಮ್ಮನಿಗೂ ತಡೆಯಲಾಗಲಿಲ್ಲ, ಗೆರೆ ಸೊಟ್ಟಗಾಯಿತು.

ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ, ಕಾರ್ಡನ್ನೂ ಒರೆಸಿ ಇನ್ನೊಂದು ಕಾಪಿ ತೆಗೆಯುವಷ್ಟರಲ್ಲಿ ಅಂಗಳದಲ್ಲಿ ಬೈಕ್ ನಿಂತಿತು. ಪೂರ್ಣೇಶ್ ಒಳಗೆ ಬಂದವನೇ ಮೇಜಿನ ಮೇಲೆ ಕೈಗೆ ಸಿಕ್ಕ ಹಾಳೆ ಎತ್ತಿಕೊಂಡ. ಗಾಜು ಒರೆಸುವ ಮೊದಲು ತೆಗೆದ ಹಾಳೆ ಅದು.

"ಇದ್ಯಾರು, ಹಾಲಮ್ಮನಾ?" ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಚುಕ್ಕೆ ಫೋಟೋದಲ್ಲಿನ ಬರಿಹಣೆಯ ನಡುವೆ, ಬೆರಳಿಟ್ಟು ಹಚ್ಚಿದ ಹಾಗೆ ಕೂತಿತ್ತು. "ಹೊಸ ಮದುಮಗಳ ಹಂಗೆ ಕಾಣ್ತೀರಲ್ಲ" ಎಂದು ಜಗಲಿಯತ್ತ ತಿರುಗಿದ.

"ಅದಲ್ಲ ಪೂರ್ಣೇಶಣ್ಣ, ಇದು" ಎಂದು ಜ್ಯೋತಿ ಇನ್ನೂ ಬೆಚ್ಚಗಿದ್ದ ಕಾಪಿಯನ್ನು ಅವನ ಕೈಗೆ ತುರುಕಿದಳು. ಅವನು ಅಕ್ಷರ ಓದಿದ, ನಂಬರ್ ಓದಿದ, ತಲೆಯಾಡಿಸಿದ. ಬೈಕಿನ ಹಿಂದೆ ಕಟ್ಟಿದ್ದ ಕಾಗದದ ಗಂಟನ್ನು ಬಿಚ್ಚಿ ತಂದು ಮೇಜಿನ ಮೇಲಿಟ್ಟು, ಚಾ ಕುಡಿದು ಹೋದ.

ಜ್ಯೋತಿ ಹಾಳಾದ ಕಾಪಿಗಳನ್ನೆಲ್ಲ ಒಟ್ಟು ಮಾಡಿ ಒಲೆಗೆ ಒಯ್ಯುತ್ತಿದ್ದಾಗ ಹಾಲಮ್ಮ ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಚಿದಳು.

"ನಂದು ಇಲ್ಲಿ ಕೊಡು."

"ಹಾಳಾದ್ದು ಅತ್ತೆ ಅದು."

ಹಾಲಮ್ಮ ಹಾಳೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಹಣೆಯ ಮೇಲೆ ಮಡಿಕೆ ಬೀಳದಂತೆ ಜೋಪಾನವಾಗಿ ಮಡಚಿದಳು.

"ಬಣ್ಣದ್ದಕ್ಕೆ ಎಷ್ಟು ನಿಂದು?"

"ಹತ್ತು ರೂಪಾಯಿ" ಎಂದು ಜ್ಯೋತಿ ನಕ್ಕಳು.

"ವಿಧವಾ ವೇತನ ಬರ್ಲಿ, ಕೊಡ್ತೀನಿ."