ನಾಲ್ಕನೇ ಕೋಷ್ಟಕ

“ಇದನ್ನ ಬರೆದದ್ದು ಯಾರು?”

ಹುಡುಗಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು. “ನಾನೇ ಸಾರ್.”

ಪರೀಕ್ಷಕರು ತಲೆಯಾಡಿಸಿದರು. ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ಜರಡಿ. ಬೇರೆಯವರಿಂದ ಬರೆಸಿಕೊಂಡು ಬಂದ ಇಬ್ಬರನ್ನು ಹೋದ ವರ್ಷ ಕಾಲೇಜಿನಿಂದಲೇ ಓಡಿಸಿದ್ದರು. ಮೇಜಿನ ಮೇಲೆ ಅವಳು ಈಗಷ್ಟೇ ಒಪ್ಪಿಸಿದ ವರದಿ: ಮೂರು ದೇಶಗಳಲ್ಲಿ ವ್ಯವಹಾರ ನಿರ್ವಹಣೆಯ ಪದವಿಗೆ ಹೇಗೆ ಕಲಿಸುತ್ತಾರೆ ಎಂಬ ಹೋಲಿಕೆ, ಎಪ್ಪತ್ತು ಪುಟ. ಬೆಳಿಗ್ಗೆ ಅವಳು ಹಸಿರು ದಾರದಿಂದ ಬಿಗಿದ ಗಂಟು ಹಾಗೆಯೇ ಇತ್ತು. ಓದಿಲ್ಲ! ಅವಳಿಗೆ ಹೋದ ಜೀವ ಬಂದಂತಾಯಿತು.

ಬರೆದದ್ದು ಅವಳಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳಲ್ಲಿ ಒಂದು ಸಾಲೂ ಆಗಿರಲಿಲ್ಲ. ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯವನು ದಾರಿ ತೋರಿಸಿದ್ದ. “ಯಾರು ಬರೀತಾರೆ ಅಂತ ಮಾತ್ರ ಕೇಳ್ಬೇಡಮ್ಮ. ಪಳಗಿದ ಕೈ.” ಒಂದೇ ವಾರದಲ್ಲಿ ಬರೆದು ಮುಗಿಸಿದ ವರದಿ ಬಂತು. ಅವಳು ಅಷ್ಟನ್ನೂ ಉರು ಹೊಡೆದಳು. ಇವತ್ತಿನ ಮೌಖಿಕ ಪರೀಕ್ಷೆಯಲ್ಲಿ ಪಾಸಾದರೆ ಸೋಮವಾರ ಕೆಲಸಕ್ಕೆ ಸೇರಬಹುದು. ಸಿಕ್ಕಿಬಿದ್ದರೆ ಮೂರು ವರ್ಷದ ಓದು ಮಣ್ಣುಪಾಲು.

“ಮೊದಲನೇ ದೇಶದಲ್ಲಿ ಮೊದಲ ವರ್ಷ ಏನು ಕಲಿಸ್ತಾರೆ?”

“ವ್ಯವಹಾರದ ಸುದ್ದಿಯೇ ಇಲ್ಲ ಸಾರ್. ಚರಿತ್ರೆ, ವಿಜ್ಞಾನ, ಬರವಣಿಗೆ.”

“ಎರಡನೇದು?”

“ಮೂರು ತಿಂಗಳು ಕ್ಲಾಸು, ಮೂರು ತಿಂಗಳು ಕಾರ್ಖಾನೆ.”

“ಒಳ್ಳೇದಾ ಅದು?”

“ಕಾರ್ಖಾನೆಗೆ ಒಳ್ಳೇದು.”

ಜರಡಿ ನಕ್ಕುಬಿಟ್ಟರು. ಅವರು ನಕ್ಕದ್ದನ್ನು ಕಂಡವರೇ ಇರಲಿಲ್ಲ. “ಬರೆದವರು ಚುರುಕಿದ್ದಾರೆ.”

“ಥ್ಯಾಂಕ್ಸ್ ಸಾರ್.”

“ನೀನ್ಯಾಕೆ ಥ್ಯಾಂಕ್ಸ್ ಹೇಳ್ತೀಯ?”

“ಹೊಗಳಿದಿರಲ್ಲ ಸಾರ್, ಅದಕ್ಕೆ.”

“ನಾಲ್ಕನೇ ಕೋಷ್ಟಕ. ಮೂರನೇ ದೇಶದಲ್ಲಿ ಪದವಿಗೆ ಎಷ್ಟು ವರ್ಷ?”

“ಮೂರು ಸಾರ್.”

“ನಾಲ್ಕು.”

“ಅದರಲ್ಲಿ ಮೂರು ಅಂತಲೇ ಇದೆಯಲ್ಲ...” ಎಂದವಳು ನಾಲಿಗೆ ಕಚ್ಚಿಕೊಂಡಳು. ಸ್ವಂತ ಬರೆದವರು ಹೀಗೆ ಹೇಳುತ್ತಾರೆಯೇ? ಫ್ಯಾನು ಕಿರುಗುಟ್ಟುತ್ತಿತ್ತು. ಜರಡಿ ಅವಳ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಅವಳಿಗೆ ಇನ್ನು ತಡೆಯಲಾಗಲಿಲ್ಲ.

“ನಾನು ಬರೆದದ್ದಲ್ಲ ಸಾರ್.”

ಅವರು ಎದ್ದು ಹೋಗಿ ಬಾಗಿಲು ಮುಚ್ಚಿದರು. ಮರಳಿ ಬಂದು ಕೂತು, ಅಂಕಪಟ್ಟಿಯಲ್ಲಿ ಅವಳ ನಂಬರಿನ ಮುಂದೆ ‘ಉತ್ತೀರ್ಣ’ ಎಂದು ಬರೆದರು. ಗಂಟು ಬಿಚ್ಚದ ವರದಿಯನ್ನು ಅವಳತ್ತ ತಳ್ಳಿದರು.

“ನಾಲ್ಕು ಅಂತ ತಿದ್ದಿಕೊಂಡು ಬಾ,” ಎಂದರು ದನಿ ತಗ್ಗಿಸಿ. “ಆ ವಾರ ನನಗೆ ಸ್ವಲ್ಪ ಅವಸರ ಇತ್ತು.”